ಇಲ್ಲದ ಅಣ್ಣನಿಗೊಂದು ಗೋಟಿ ಸೆಟ್

ತಾನು ಒಂಟಿಯೆಂಬುದು ಮುಖ ನೋಡಿದರೇ ತಿಳಿದುಬಿಡುತ್ತದೇನೋ ಎಂಬ ಅಂಜಿಕೆ ನವ್‌ರೀತಳಿಗೆ ಎಲ್ಲ ಅಂಗಡಿಗಳಲ್ಲೂ ಇತ್ತು. ಅದಕ್ಕೇ ಜಲಂಧರದ ಈ ಹತ್ಯಾರಿನ ಅಂಗಡಿಯಲ್ಲೂ ಇಲ್ಲದ ಅಣ್ಣನನ್ನು, ಒಬ್ಬ ವೀರ್‌ಜಿಯನ್ನು, ಮುಂದೆ ಮಾಡಿದ್ದಳು. "ಮಂಚದ ನಟ್ಟು ಸಡಿಲ ಆಗಿದೆ ಚಾಚಾಜಿ, ವೀರ್‌ಜಿ ಗೋಟಿ ಸೆಟ್ ತಾ ಅಂದ್ರು."

ಅಂಗಡಿಯ ಮುದುಕ ಬಖ್ತಾವರ್ ಸಿಂಗ್ ಹೊಳೆಯುವ ದೊಡ್ಡ ಪೆಟ್ಟಿಗೆಯನ್ನು ಪಕ್ಕಕ್ಕೆ ತಳ್ಳಿದ. "ಇದು ಮದುವೆಗೆ ಉಡುಗೊರೆ ಕೊಡೋಕೆ ಸರಿ ಪುತ್ತರ್, ನಟ್ಟು ಬಿಗಿಯೋಕಲ್ಲ." ಚಿಕ್ಕ ಸೆಟ್ಟೊಂದನ್ನು ತೆರೆದು ನಟ್ಟಿನ ಮೇಲೆ ಟೊಪ್ಪಿಯಂತೆ ಕೂರುವ ಆರು ಮೂಲೆಯ ಗೋಟಿಯೊಂದನ್ನು ಅವಳ ಅಂಗೈಯಲ್ಲಿಟ್ಟ. "ಬೆಲೆ ಕಮ್ಮಿ, ಉಕ್ಕು ಗಟ್ಟಿ. ನಟ್ಟಿನ ಮೂಲೆ ಸವೆಯಲ್ಲ. ಅದನ್ನ ತಿರುಗಿಸೋ ಹಿಡಿ ಮಾತ್ರ ತೋಳು ನೋಡಿ ಕೊಡ್ಬೇಕು. ಬಲ ಕಮ್ಮಿ ಇದ್ರೆ ಉದ್ದದ್ದು. ನಿನ್ನ ವೀರ್‌ಜಿ ಹೇಗೆ? ಪೈಲ್ವಾನನಾ, ಇಲ್ಲ ಬರೀ ಲಸ್ಸಿ ಕುಡಿಯೋನಾ?"

ಅವಳು ಗೋಟಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು. ಆ ಅಣ್ಣನಿಗೆ ಮೀಸೆ, ಎತ್ತರ ಎಲ್ಲವನ್ನೂ ಕೊಡಬಲ್ಲಳು. ಆದರೆ ಒಗ್ಗದ ಹಿಡಿ ಹಿಡಿದು ಮಂಚದ ಕೆಳಗೆ ತೂರಬೇಕಾದವಳು ಅವಳೇ. ಚಾಚಾ ಕಾಯುತ್ತಿದ್ದ.

ನವ್‌ರೀತ್ ಕಮೀಜಿನ ತೋಳು ಮೇಲಕ್ಕೆಳೆದು ಕೈಯನ್ನು ಮುಂದೆ ಚಾಚಿದಳು. "ವೀರ್‌ಜಿ ಅಂತ ಯಾರೂ ಇಲ್ಲ, ಚಾಚಾಜಿ. ನಾನೊಬ್ಳೇ ಇರೋದು. ಈ ತೋಳಿಗೆ ಆಗೋದು ಕೊಡಿ."