ದಾರಿಯಲ್ಲಿದ್ದ ಚಿತ್ರ

"ಕೈ ತೆಗೀರಿ ಸಾರ್!"

ದೊಡ್ಡ ಆಂಟೆನಾ ತಿರುಗಿಸುವ ಗುಂಡಿಯ ಮೇಲೆ ಬೆರಳಿಟ್ಟಿದ್ದ ಖಗೋಳ ವಿಜ್ಞಾನಿ ಜಗ್ಗಲಿಲ್ಲ. ನೆಪ್ಚೂನ್‌ಗೆ ಕಳಿಸಿದ್ದ ನೌಕೆಯ ಎಂಜಿನಿಯರ್ ಅವರ ಮಣಿಕಟ್ಟನ್ನೇ ಹಿಡಿದಳು.

"ನಿಮ್ಮ ಸರದಿ ಮುಗೀತಮ್ಮ. ಅಲ್ಲಿ ನನ್ನ ನಕ್ಷತ್ರ ಸಿಡೀತಿದೆ, ಆಂಟೆನಾ ಆ ಕಡೆ ತಿರುಗಬೇಕು. ನಿಮ್ಮ ನೌಕೆ ಲೆಕ್ಕದ ಪ್ರಕಾರ ಬೆಳಿಗ್ಗೆನೇ ನೆಪ್ಚೂನ್‌ಗೆ ಬಿದ್ದು ಸುಟ್ಟುಹೋಯ್ತಲ್ಲ, ಇನ್ನೇನು ಕೇಳಿಸ್ಕೋಬೇಕು?"

"ಸುಟ್ಟುಹೋಗಿದೆ. ಅದು ಕಳಿಸಿದ ಕೊನೇ ಚಿತ್ರ ಇನ್ನೂ ದಾರೀಲಿದೆ. ಅಲ್ಲಿಂದ ಇಲ್ಲಿಗೆ ಬರೋಕೆ ನಾಲ್ಕು ಗಂಟೆ ಬೇಕು."

"ಸತ್ತಿದ್ದಕ್ಕೆಲ್ಲ ಕಾಯ್ತಾ ಕೂರೋಕೆ ನನಗೆ ಪುರುಸೊತ್ತಿಲ್ಲ."

ಅವಳು ಹಿಡಿತ ಬಿಗಿ ಮಾಡಿ, ಅವರ ಮುಖಕ್ಕೆ ಮುಖ ಕೊಟ್ಟು ಕೇಳಿದಳು: "ನಿಮ್ಮ ನಕ್ಷತ್ರ ಸಿಡಿದು ಸತ್ತು ಎಷ್ಟು ಸಾವಿರ ವರ್ಷ ಆಯ್ತು, ಸಾರ್?"

ಅವರ ಬೆರಳು ಗುಂಡಿಯಿಂದ ಮೇಲೆದ್ದಿತು. ಆದರೂ ಚಿತ್ರ ಬಂದು ಮುಗಿಯುವವರೆಗೆ ಅವಳು ಮಣಿಕಟ್ಟು ಬಿಡಲಿಲ್ಲ.