ಅಧ್ಯಕ್ಷರ ಬೆನ್ನ ಹಿಂದೆ

ಹಸಿರು ಪರದೆಯ ಮುಂದೆ ನಿಂತು ವಿದ್ಯುತ್ ಮಂಡಳಿಯ ಅಧ್ಯಕ್ಷರು ಮತ್ತೊಮ್ಮೆ ಕಣ್ಣೊರೆಸಿಕೊಂಡರು. "ನಿಮ್ಮ ಕಷ್ಟ ಕಣ್ಣಾರೆ ನೋಡೋಕೆ ಬಂದಿದ್ದೀನಿ," ಎಂದು ಕ್ಯಾಮೆರಾಕ್ಕೆ ಹೇಳಿದರು. ಆಮೇಲೆ ಆಪ್ತ ಸಹಾಯಕನ ಕಡೆ ತಿರುಗಿ, "ಏಸಿ ಸ್ವಲ್ಪ ಜಾಸ್ತಿ ಮಾಡ್ರೀ," ಎಂದರು.

ಬಿರುಗಾಳಿಗೆ ಊರೂರಿನ ಕಂಬಗಳು ನೆಲ ಕಚ್ಚಿದ್ದವು. ಎಲ್ಲ ಕಡೆ ಹೋಗಿ ಕೆಸರು ತುಳಿಯುವುದು ಅಧ್ಯಕ್ಷರಿಗೆ ಆಗದ ಮಾತು. ಅವರ ಭಾಷಣವನ್ನು ಒಂದೇ ಸಲ ಚಿತ್ರೀಕರಿಸಿ ಶಾಖಾ ಕಚೇರಿಗಳಿಗೆಲ್ಲ ಕಳಿಸುವುದು, ಅವರವರ ಊರಿನ ಬಿದ್ದ ಕಂಬವನ್ನು ಅವರವರೇ ಹಸಿರಿನ ಜಾಗದಲ್ಲಿ, ಅಧ್ಯಕ್ಷರ ಹಿಂದೆ ಸೇರಿಸಿಕೊಳ್ಳುವುದು ಎಂದು ತೀರ್ಮಾನವಾಗಿತ್ತು. ಕೆಲಸ ವಿಡಿಯೊ ಎಡಿಟರ್ ಹುಡುಗಿಯ ತಲೆಗೆ ಬಿತ್ತು. ಅವಳ ಅಕ್ಕ ಇದ್ದದ್ದು ಬೆಟ್ಟದ ಮೇಲಿನ ಊರಿನಲ್ಲಿ. ಅಕ್ಕನ ಮನೆ ನಡೆಯುವುದೇ ಹಿಟ್ಟಿನ ಗಿರಣಿಯಿಂದ, ಅದು ಕರೆಂಟಿಲ್ಲದೆ ನಿಂತುಹೋಗಿತ್ತು. ಯಾವಾಗ ಬರುತ್ತೆ, ಯಾವಾಗ ಬರುತ್ತೆ ಎಂದು ಹೊತ್ತುಗೊತ್ತಿಲ್ಲದೆ ಫೋನ್ ಮಾಡಿ ಅವಳು ತಂಗಿಯ ಪ್ರಾಣ ತಿನ್ನುತ್ತಿದ್ದಳು.

"ಸರ್, ಒಂದೊಂದು ಕಚೇರೀಲಿ ಒಂದೊಂದು ಸಾಫ್ಟ್‌ವೇರ್ ಇದೆ," ಎಂದಳು ಎಡಿಟರ್. "ಹಸಿರು ಪರದೆ ಸಮೇತ ಕಳಿಸಿಬಿಡೋಣ. ಎಲ್ಲರ ಹತ್ರನೂ ಓಪನ್ ಆಗುತ್ತೆ. ಹಸಿರನ್ನ ಅವರೇ ತೆಗೀತಾರೆ."

"ಹಸಿರು ಸಮೇತನಾ?" ಅಧ್ಯಕ್ಷರು ಹೌಹಾರಿದರು. "ಅದು ಯಾರ ಕೈಗಾದ್ರೂ ಸಿಕ್ಕಿದ್ರೆ ನಾನು ಎಲ್ಲಿಗೂ ಹೋಗೇ ಇಲ್ಲ ಅಂತ ಗೊತ್ತಾಗಲ್ವೇನಮ್ಮ? ಮಾನ ಹರಾಜಾಗುತ್ತೆ. ಒಂದು ಚೂರೂ ಹಸಿರು ಕಾಣಬಾರದು."

ಅವಳು ಕೂತು ಹಸಿರನ್ನೆಲ್ಲ ತೆಗೆದಳು. ಕನ್ನಡಕದ ಗಾಜಿನಲ್ಲಿ, ಬೋಳುತಲೆಯ ಅಂಚಿನಲ್ಲಿ ಅಂಟಿಕೊಂಡಿದ್ದನ್ನೂ ಬಿಡಲಿಲ್ಲ. ಕೊನೆಗೆ ಹಿಂದೆ ಏನೇನೂ ಇಲ್ಲದ, ಬರೀ ಅಧ್ಯಕ್ಷರಷ್ಟೇ ಇರುವ ಭಾರೀ ಗಾತ್ರದ ಫೈಲ್ ಸಿದ್ಧವಾಯಿತು. "ಇದನ್ನ ಚಿಕ್ಕದು ಮಾಡಿ ಫೋನ್ ಗ್ರೂಪಿಗೆ ಮಾತ್ರ ಹಾಕ್ಬೇಡಿ. ಹಿಂದಿನ ಖಾಲಿ ಜಾಗವೆಲ್ಲ ಕಪ್ಪಾಗಿಬಿಡುತ್ತೆ," ಎಂದು ಸಹಾಯಕನಿಗೆ ಒತ್ತಿ ಹೇಳಿದಳು. ಆತ ಎಲ್ಲ ಅರ್ಥವಾದವನಂತೆ ತಲೆಯಾಡಿಸಿದ. ಬೆಟ್ಟದ ಊರಿನ ಶಾಖೆಯವರು ಫೈಲ್ ತೆರೆಯುತ್ತಿಲ್ಲ ಎಂದು ಬಾಯಿ ಬಡಿದುಕೊಂಡ ಕೂಡಲೇ ಚಿಕ್ಕದು ಮಾಡಿ ಗ್ರೂಪಿಗೆ ಹಾಕಿಬಿಟ್ಟ. ಅವರೂ ಬಂದದ್ದನ್ನು ಬಂದ ಹಾಗೇ ಊರಿಗೆಲ್ಲ ತೋರಿಸಿದರು.

ಮರುದಿನ ಉಳಿದ ಊರುಗಳಲ್ಲಿ ಅಧ್ಯಕ್ಷರ ಮರ್ಯಾದೆ ಮೂರು ಕಾಸಿಗೆ ಬಂದಿತ್ತು. ಒಂದು ಕಡೆಯ ವಿಡಿಯೊದಲ್ಲಿ ಅವರು ತೆಂಗಿನ ಮರಕ್ಕಿಂತ ಎತ್ತರವಾಗಿದ್ದರು, ಇನ್ನೊಂದು ಕಡೆ ಬೂಟು ನೆನೆಯದೆ ನೀರಿನ ಮೇಲೆ ನಿಂತಿದ್ದರು. ಜನ ಬಿದ್ದು ಬಿದ್ದು ನಗುತ್ತಿದ್ದರು. ಅಧ್ಯಕ್ಷರು ಎಡಿಟರ್ ಹುಡುಗಿಯನ್ನು ಕರೆಸಿದರು. ಅವರ ಕೋಣೆಯ ಬಾಗಿಲಲ್ಲಿದ್ದಾಗಲೇ ಅಕ್ಕನ ಫೋನ್ ಬಂತು.

"ಅಲ್ವೇ, ನಿಮ್ಮ ಅಧ್ಯಕ್ಷರು ನಮ್ಮೂರಿಗೆ ಬಂದಿದ್ರಂತೆ! ಫೋನ್ ಚಾರ್ಜ್ ಮಾಡ್ಕೊಳೋಕೆ ನಿಮ್ಮ ಶಾಖಾ ಕಚೇರಿಯ ಜನರೇಟರ್ ಹತ್ರ ಹೋಗಿದ್ನಲ್ಲ, ಅಲ್ಲಿ ವಿಡಿಯೊ ತೋರಿಸಿದ್ರು. ಗವ್ವೆನ್ನೋ ಕತ್ತಲಲ್ಲಿ ಒಬ್ರೇ ನಿಂತು ಅತ್ರು, ಪಾಪ. ಅಂಥಾ ಕತ್ತಲೆ ನಮ್ಮೂರು ಬಿಟ್ರೆ ಇನ್ನೆಲ್ಲಿದೆ? ಬಾಯಿಗೆ ಬಂದಂಗೆ ಬೈದಿದ್ವಲ್ಲ ಅಂತ ಎಲ್ಲರಿಗೂ ಬೇಜಾರಾಯ್ತು. ಇನ್ನೂ ಸ್ವಲ್ಪ ದಿನ ಹೆಂಗೋ ತಡ್ಕೋತೀವಿ ಬಿಡೇ."

ತಂಗಿ ನಿಜ ಹೇಳದೆ "ಹೂಂ ಅಕ್ಕ" ಎಂದುಬಿಟ್ಟಳು. ಅಕ್ಕನಿಗೆ ತಾನೇ ಮೋಸ ಮಾಡಿದ ಹಾಗೆ ನಾಚಿಕೆಯಾಯಿತು. ಫೋನ್ ಇಟ್ಟು ಒಳಗೆ ಹೋದಳು.

"ಬಾಮ್ಮ, ಬಾ! ಬೆಟ್ಟದೂರಿಂದ ಒಂದೇ ಒಂದು ಬೈಗುಳ ಬಂದಿಲ್ಲ! ಆ ಕತ್ತಲು ನೋಡಿ ನಾನು ಅಲ್ಲಿಗೇ ಬಂದಿದ್ದೆ ಅಂತ ನಂಬಿಬಿಟ್ಟಿದ್ದಾರೆ!" ಅಧ್ಯಕ್ಷರ ಮುಖ ಊರಗಲ ಅರಳಿತ್ತು.

ಇದೇ ಸಮಯವೆಂದು ಸಹಾಯಕ ಕೈ ಹೊಸೆದ. "ಸರ್, ಆ ಊರಿಗೆ ಕಂಬದ ಲಾರಿ ಹೊರಟು ನಿಂತಿದೆ. ನೀವು ಹೂಂ ಅಂದ್ರೆ ನಾಳೆನೇ ಕರೆಂಟು."

ಅವಳು ಆಸೆಯಿಂದ ಅಧ್ಯಕ್ಷರ ಮುಖ ನೋಡಿದಳು. ಅವರು ಕತ್ತಲಲ್ಲಿ ಅಳುತ್ತಿರುವ ತಮ್ಮನ್ನು ತಾವೇ ಫೋನಿನಲ್ಲಿ ಮೆಚ್ಚಿ ನೋಡುತ್ತಿದ್ದರು.

"ಅಷ್ಟೇನ್ರೀ ಅವಸರ? ಲೈಟ್ ಬಂದ್ರೆ ಜನ ನಾನು ನಿಂತಿದ್ದ ಜಾಗ ಹುಡುಕಲ್ವಾ?"