ಒಳಲೆಯ ಮೇಲಿನ ಹಲ್ಲಿನ ಗುರುತು

ನಮ್ಮನೆಯ ಮಕ್ಕಳಿಗೆಲ್ಲ ಹಾಲು, ಹರಳೆಣ್ಣೆ ಕುಡಿಸಿದ, ಉದ್ದ ಮೂತಿಯ ಪುಟ್ಟ ಬೆಳ್ಳಿ ಒಳಲೆ ಮೊನ್ನೆ ಪೆಟ್ಟಿಗೆಯ ತಳದಲ್ಲಿ ಸಿಕ್ಕಿತು. ಅದರಲ್ಲಿ ಈಗಲೂ ಹರಳೆಣ್ಣೆಯ ವಾಸನೆಯಿದೆ, ಅಥವಾ ಇದೆಯೆಂದು ನನಗನ್ನಿಸುತ್ತದೆ.

ನನಗಾಗ ಏಳು ವರ್ಷವಿರಬೇಕು. ಹೊಳೆನರಸೀಪುರದ ಮನೆಯಲ್ಲಿ ನಮ್ಮ ಮುದಿ ಬೆಕ್ಕು ಕೆಂಚಿ ಮೂರು ದಿನದಿಂದ ಹಾಲು ಮುಟ್ಟಿರಲಿಲ್ಲ. ಬೆನ್ನು ಸವರಿದರೆ ಬರೀ ಮೂಳೆ ಕೈಗೆ ಸಿಗುತ್ತಿತ್ತು. ಅದು ತಿನ್ನುವವರೆಗೆ ನಾನೂ ಉಣ್ಣುವುದಿಲ್ಲವೆಂದು ಆ ಮಧ್ಯಾಹ್ನ ಮುದ್ದೆಯ ತಟ್ಟೆ ತಳ್ಳಿ ಕೂತೆ.

"ಒಂದು ಬೆಕ್ಕು ಸಾಲ್ದು ಅಂತ ಇದೊಂದು ಬೆಕ್ಕು" ಎಂದು ನನ್ನ ಕಡೆ ನೋಡಿ ಗೊಣಗುತ್ತ ಅಜ್ಜಿ ಒಳಗೆ ಹೋದಳು. ಕೆಂಚಿ ಅಡುಗೆಮನೆಯ ಹೊಸಿಲು ದಾಟಿದರೆ ಪೊರಕೆ ಎಸೆಯುತ್ತಿದ್ದವಳೂ ಅವಳೇ. ಬರುವಾಗ ಅವಳ ಕೈಯಲ್ಲಿ ಎಳೆಗೂಸು ತಮ್ಮನ ಒಳಲೆಯಿತ್ತು, ಅದರ ತುಂಬ ಬೆಚ್ಚಗಿನ ಗಂಜಿ.

"ಅಯ್ಯೋ ಅತ್ತೆ, ಅದು ಮಗೀಗೆ ಕುಡಿಸೋದು!" ಎಂದು ಅವ್ವ ಕೂಗಿದಳು.

"ಸುಮ್ಕಿರವ್ವ. ಮಗೀಗೂ ಒಂದೇ ಹಲ್ಲು, ಈ ಮುದುಕೀಗೂ ಒಂದೇ ಹಲ್ಲು. ತೊಳುದ್ರೆ ಆಯ್ತು ಕಣ."

ಅಜ್ಜಿ ಕೆಂಚಿಯನ್ನು ಮಗುವಿನ ಹಾಗೆ ಕಾಲ ಮೇಲೆ ಮಲಗಿಸಿಕೊಂಡಳು. ಮೊದಲ ಗುಟುಕಿಗೆ ಕೆಂಚಿ ಸೀನಿತು, ಬಾಯಲ್ಲಿದ್ದ ಗಂಜಿಯೆಲ್ಲ ಅಜ್ಜಿಯ ಮುಖಕ್ಕೆ ಹಾರಿತು. ಆಮೇಲೆ ಒಳಲೆಯನ್ನೇ ಕಚ್ಚಿಕೊಂಡು ಮೆಲ್ಲಗೆ ನುಂಗತೊಡಗಿತು.

"ಇನ್ನು ನೀನು ಉಣ್ಣೇ" ಎಂದಳು ಅಜ್ಜಿ, ಮುಖವನ್ನೂ ಒರೆಸಿಕೊಳ್ಳದೆ.

ಒಳಲೆಯ ಮೂತಿಯ ಮೇಲೆ ಒಂದೇ ಒಂದು ಹಲ್ಲಿನ ಗುರುತಿದೆ. ಅದು ಕೆಂಚಿಯದೇ ಎಂದು ನಾನು ನಂಬಿದ್ದೇನೆ. ಮೊನ್ನೆ ತಮ್ಮ ಅದನ್ನು ನೋಡಿ, ತನ್ನ ಮೊದಲ ಹಲ್ಲಿನದೆಂದು ಮೊಮ್ಮಕ್ಕಳಿಗೆಲ್ಲ ತೋರಿಸಿದ. ಅದರಲ್ಲಿ ಇನ್ನಾರು ಕುಡಿದಿದ್ದರೆಂದು ನಾನಿನ್ನೂ ಅವನಿಗೆ ಹೇಳಿಲ್ಲ.